ಗಂಡನ ಹೆಸರಿನ ಹಿಂದೆ ಮರೆಯಾದವಳು: ಅಮೆರಿಕದ ಪಯೋನಿಯರ್ ಮುತ್ತಜ್ಜಿಯ ಜಾಡು ಹಿಡಿಯುವುದು ಹೇಗೆ?

ಅಮೆರಿಕದಲ್ಲಿ ನೆಲೆಯೂರಿದ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಈಗ ಸೊಸೆಯೋ ಅಳಿಯನೋ ಅಲ್ಲಿಯವರೇ. ಮೊಮ್ಮಕ್ಕಳು ಶಾಲೆಗೆಂದು ವಂಶವೃಕ್ಷ ಬರೆಯಲು ಕೂತರೆ ಒಂದು ಕೊಂಬೆ ಹಾಸನಕ್ಕೋ ಧಾರವಾಡಕ್ಕೋ ಹೋಗುತ್ತದೆ, ಇನ್ನೊಂದು ನೆಬ್ರಾಸ್ಕಾ, ಡಕೋಟಾ, ಆರೆಗನ್ ಕಡೆಗೆ. ಆ ಎರಡನೆಯ ಕೊಂಬೆಯಲ್ಲಿ ಗಂಡಸರ ಸಾಲು ಬೇಗ ಸಿಗುತ್ತದೆ. ಹೆಂಗಸರ ವಿಷಯಕ್ಕೆ ಬಂದರೆ 'ಮಿಸೆಸ್ ಜಾನ್ ಮಿಲ್ಲರ್' ಎಂಬಲ್ಲಿಗೆ ದಾರಿ ಮುಗಿದುಹೋಗುತ್ತದೆ. ಅವಳ ಸ್ವಂತ ಹೆಸರೇನು, ತವರು ಯಾವುದು, ಎಷ್ಟು ಮಕ್ಕಳನ್ನು ಹೆತ್ತು ಎಷ್ಟು ಮಕ್ಕಳನ್ನು ಮಣ್ಣು ಮಾಡಿದಳು, ಒಂದೂ ತಿಳಿಯುವುದಿಲ್ಲ.

ಸುಮಾರು 1840ರಿಂದ 1920ರವರೆಗೆ ಪಶ್ಚಿಮದ ಬಯಲಿಗೆ ಬಂದು ಒಕ್ಕಲು ಹೂಡಿದ ಈ ಪಯೋನಿಯರ್ ಹೆಂಗಸರ ಬಗ್ಗೆ ಒಂದು ಮಾತು ನೆನಪಿಟ್ಟುಕೊಳ್ಳಿ. ಕಾನೂನು ಅವಳನ್ನು ಬರೀ ಹೆಂಡತಿಯಾಗಿ ಕಂಡ ಕಡೆಯಲ್ಲೆಲ್ಲ ಅವಳ ಹೆಸರು ಬರೆದುಕೊಳ್ಳುವ ಗೋಜಿಗೆ ಹೋಗಲಿಲ್ಲ. ಅವಳು ಒಂಟಿ ಹೆಣ್ಣಾಗಿ, ವಿಧವೆಯಾಗಿ, ಜಮೀನಿನ ಹಕ್ಕುದಾರಳಾಗಿ ಎದುರಿಗೆ ಬಂದಾಗ ಮಾತ್ರ ಪ್ರಮಾಣ ಮಾಡಿಸಿ, ಸಹಿ ಹಾಕಿಸಿ, ಸಾಕ್ಷಿ ಸಮೇತ ಬರೆದುಕೊಂಡಿತು. ಆದ್ದರಿಂದ ಹುಡುಕಬೇಕಾದ್ದು ಅವಳ ಬದುಕಿನ ಆ ಗಳಿಗೆಗಳನ್ನು.

ಅವರು ಒಕ್ಕಲು ಹೂಡಿದ ನೆಲ ಖಾಲಿ ಬಿದ್ದಿದ್ದ ನೆಲವಾಗಿರಲಿಲ್ಲ. ಲಕೋಟಾ, ಪಾನಿ, ಶಯಾನ್ ಮೊದಲಾದ ಮೂಲನಿವಾಸಿ ಜನರಿಂದ ಕಸಿದುಕೊಂಡದ್ದು ಅದು. ವಂಶದ ಕಥೆ ಬರೆಯುವಾಗ ಈ ಸಾಲನ್ನು ಬಿಡಬಾರದು.

ಸಾವಿನಿಂದ ಶುರುಮಾಡಿ

ಹುಟ್ಟಿನಿಂದ ಹೊರಟರೆ ಎಲ್ಲೂ ತಲುಪುವುದಿಲ್ಲ. ಕೊನೆಯಿಂದ ಹಿಂದಕ್ಕೆ ಬನ್ನಿ. ಒಂದು ದೊಡ್ಡ ಹಾಳೆಯಲ್ಲಿ ನಾಲ್ಕು ಅಂಕಣ ಎಳೆಯಿರಿ: ವರ್ಷ, ಆಗ ಅವಳ ವಯಸ್ಸು, ಊರು ಮತ್ತು ಕೌಂಟಿ (ನಮ್ಮ ಜಿಲ್ಲೆಯಂಥದ್ದು), ಈ ಮಾಹಿತಿ ಕೊಟ್ಟವರು ಯಾರು. ನಾಲ್ಕನೆಯ ಅಂಕಣವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಮುಂದೆ ತೊಡಕಾಗುವುದು ಅಲ್ಲೇ. ಮರಣ ಪ್ರಮಾಣಪತ್ರವನ್ನೇ ನೋಡಿ. ಅದರಲ್ಲಿ ಸತ್ತವಳ ತಾಯಿಯ ತವರಿನ ಅಡ್ಡಹೆಸರಿಗೂ ಜಾಗವಿರುತ್ತದೆ, ಆದರೆ ಆ ಉತ್ತರ ಕೊಟ್ಟವನು ಅಳಿಯನಾಗಿದ್ದರೆ, ತಾನು ಕಣ್ಣಾರೆ ಕಾಣದ ಮುದುಕಿಯೊಬ್ಬಳ ಹೆಸರನ್ನು ಅಂದಾಜಿನ ಮೇಲೆ ಹೇಳಿರುತ್ತಾನೆ. ಅದೇ ಪತ್ರದ ಮರಣ ದಿನಾಂಕ, ಹೂಳಿದ ಸ್ಥಳ ಮಾತ್ರ ಬಹುಮಟ್ಟಿಗೆ ನಂಬಬಹುದಾದವು. ಹೀಗೆ ಒಂದೇ ಕಾಗದದ ಒಂದೊಂದು ಸಾಲಿಗೂ ಬೇರೆ ಬೇರೆ ತೂಕ.

ಮರಣ ನೋಂದಣಿ ಎಲ್ಲ ರಾಜ್ಯಗಳಲ್ಲೂ ಒಟ್ಟಿಗೆ ಶುರುವಾಗಲಿಲ್ಲ. ಪಶ್ಚಿಮದ ಹಲವು ರಾಜ್ಯಗಳಲ್ಲಿ ಅದು ಗಟ್ಟಿಯಾಗಿ ನಿಂತದ್ದು 1900ರ ನಂತರ. ಮಿಸೌರಿಯಂಥ ರಾಜ್ಯ 1910ರಿಂದೀಚಿನ ಹಳೆಯ ಪ್ರಮಾಣಪತ್ರಗಳ ಚಿತ್ರಗಳನ್ನು ಉಚಿತವಾಗಿ ಜಾಲತಾಣದಲ್ಲಿ ಇಟ್ಟಿದೆ. ಅದಕ್ಕೂ ಹಿಂದಿನ ಸಾವಾದರೆ ಸ್ಮಶಾನದ ಕಲ್ಲು, ಚರ್ಚಿನ ಪುಸ್ತಕ, ಊರ ಪತ್ರಿಕೆಗಳೇ ಗತಿ. ಮನೆಯ ದೊಡ್ಡ ಬೈಬಲ್‌ನ ನಡುವಿನ ಹಾಳೆಗಳಲ್ಲಿ ಹುಟ್ಟು, ಮದುವೆ, ಸಾವು ಬರೆದಿಡುವ ರೂಢಿಯೂ ಇತ್ತು. ಬೈಬಲ್ ಸಿಕ್ಕಿದರೆ ಮೊದಲು ಅದು ಅಚ್ಚಾದ ವರ್ಷ ನೋಡಿ. 1870ರಲ್ಲಿ ಅಚ್ಚಾದ ಪುಸ್ತಕದಲ್ಲಿ 1840ರ ಹುಟ್ಟಿದ ದಿನ ಇದ್ದರೆ ಅದು ನೆನಪಿನಿಂದ ಬರೆದದ್ದು. ಎಲ್ಲ ಸಾಲೂ ಒಂದೇ ಮಸಿ, ಒಂದೇ ಕೈಬರಹದಲ್ಲಿದ್ದರೂ ಹಾಗೆಯೇ.

ಹೆಸರಿನ ಗೋಜಲು

ಹುಡುಕುವ ಮೊದಲು ಅವಳನ್ನು ಕರೆಯುತ್ತಿದ್ದಿರಬಹುದಾದ ಹೆಸರುಗಳನ್ನೆಲ್ಲ ಪಟ್ಟಿ ಮಾಡಿ. ಪಾಲಿ ಎಂದರೆ ಮೇರಿ. ಸ್ಯಾಲಿ ಎಂದರೆ ಸಾರಾ. ಪೆಗ್ಗಿ ಎಂದರೆ ಮಾರ್ಗರೆಟ್. ಪ್ಯಾಟ್ಸಿ ಎಂದರೆ ಮಾರ್ಥಾ. ಬೆಟ್ಸಿ, ಲಿಜ್ಜಿ ಎರಡೂ ಎಲಿಜಬೆತ್. ಐರಿಷ್ ಮನೆಗಳಲ್ಲಿ ಬ್ರಿಜೆಟ್ ಹೋಗಿ ಡೀಲಿಯಾ ಆಗಿರುತ್ತಾಳೆ. ನಾರ್ವೆಯಿಂದ ಬಂದವಳಾದರೆ ಅಲ್ಲಿ ಅವಳು ಓಲ್ಸ್‌ಡಾಟರ್, ಅಂದರೆ ಓಲೆಯ ಮಗಳು. ಆ ಕಾಲದ ನಾರ್ವೆಯ ಹಳ್ಳಿಗಳಲ್ಲಿ ಮದುವೆಯಾದರೂ ಈ ಹೆಸರು ಬದಲಾಗುತ್ತಿರಲಿಲ್ಲ. ಅಮೆರಿಕಕ್ಕೆ ಬಂದ ಮೇಲೆ ಗಂಡನ ತೋಟದ ಹೆಸರೋ ಗಂಡನ ಅಪ್ಪನ ಹೆಸರೋ ಅವಳಿಗೂ ಅಂಟಿಕೊಂಡಿತು. ಒಬ್ಬಳೇ ಹೆಂಗಸು ಮೂರು ಅಡ್ಡಹೆಸರುಗಳಲ್ಲಿ ಸಿಗುವುದು ಅಲ್ಲಿ ಮಾಮೂಲು.

ಜನಗಣತಿ: ಹಿಂದಿನಿಂದ ಮುಂದಕ್ಕಲ್ಲ, ಮುಂದಿನಿಂದ ಹಿಂದಕ್ಕೆ

ಅಮೆರಿಕದ ಜನಗಣತಿಯ ಹಾಳೆಗಳು 72 ವರ್ಷಗಳ ನಂತರ ಸಾರ್ವಜನಿಕರಿಗೆ ತೆರೆಯುತ್ತವೆ. ಈಗ 1950ರವರೆಗಿನವು ಲಭ್ಯ. ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ದಾಖಲೆಗಳ ತಾಣದಲ್ಲಿ ಉಚಿತ ಖಾತೆ ತೆರೆದರೆ ಮನೆಯಲ್ಲೇ ಕುಳಿತು ನೋಡಬಹುದು. 1840ರವರೆಗಿನ ಗಣತಿಯಲ್ಲಿ ಮನೆಯ ಯಜಮಾನನ ಹೆಸರು ಮಾತ್ರ. ಉಳಿದವರೆಲ್ಲ ವಯಸ್ಸಿನ ಅಂಕಣದಲ್ಲೊಂದು ಅಂಕಿ. 1850ರಲ್ಲಿ ಮೊದಲ ಸಲ ಗುಲಾಮರಲ್ಲದ ಪ್ರತಿಯೊಬ್ಬರ ಹೆಸರೂ ಬಂತು. ಯಜಮಾನನಿಗೆ ಏನಾಗಬೇಕು ಎಂಬ ಪ್ರಶ್ನೆ ಸೇರಿದ್ದು 1880ರಲ್ಲಿ. ಹಾಗಾಗಿ 1850ರಿಂದ 1870ರ ಹಾಳೆಯಲ್ಲಿ ಗಂಡಸಿನ ಕೆಳಗಿರುವ ಹೆಂಗಸು ಹೆಂಡತಿಯೇ ಎಂದು ಬರೆದುಕೊಳ್ಳಬೇಡಿ. ತಂಗಿಯಿರಬಹುದು, ಅತ್ತಿಗೆಯಿರಬಹುದು, ಎರಡನೆಯ ಹೆಂಡತಿಯಿರಬಹುದು.

ಹೆಂಗಸರ ಮಟ್ಟಿಗೆ ಎಲ್ಲಕ್ಕಿಂತ ಬೆಲೆಬಾಳುವ ಗಣತಿಗಳು 1900 ಮತ್ತು 1910ರವು. 'ಎಷ್ಟು ಮಕ್ಕಳ ತಾಯಿ, ಈಗ ಬದುಕಿರುವವರು ಎಷ್ಟು' ಎಂದು ಎರಡರಲ್ಲೂ ಕೇಳಿದ್ದಾರೆ. 1900ರದ್ದರಲ್ಲಿ ಹುಟ್ಟಿದ ತಿಂಗಳು ಮತ್ತು ವರ್ಷವೂ ಇದೆ. ಲೆಕ್ಕ ಹಾಕುವುದು ಹೀಗೆ. 1900ರ ಹಾಳೆಯಲ್ಲಿ 'ಮದುವೆಯಾಗಿ 14 ವರ್ಷ, ಮಕ್ಕಳು 7, ಬದುಕಿರುವವರು 4' ಎಂದಿದೆ ಅನ್ನಿ. ಮನೆಯಲ್ಲಿರುವ ಹಿರಿಯ ಮಗನಿಗೆ 17 ವರ್ಷ. ಆಗ ಎರಡು ಸಾಧ್ಯತೆ: ಆ ಹುಡುಗ ಗಂಡನ ಮೊದಲ ಹೆಂಡತಿಯ ಮಗ, ಇಲ್ಲವೇ ಇವಳಿಗೇ ಇದು ಎರಡನೆಯ ಮದುವೆ. ಏಕೆಂದರೆ ಅಲ್ಲಿ ಬರೆದ ವರ್ಷಗಳು ಈಗಿನ ಮದುವೆಯವು. 1910ರ ಹಾಳೆಯಲ್ಲಿ ಮದುವೆಯ ಅಂಕಣದಲ್ಲಿ 'ಎಂ1', 'ಎಂ2' ಎಂಬ ಗುರುತುಗಳಿರುತ್ತವೆ; ಎಷ್ಟನೆಯ ಮದುವೆ ಎಂಬುದು ಅದರಿಂದ ಇತ್ಯರ್ಥವಾಗುತ್ತದೆ. ಕಾಣೆಯಾದ ಆ ಮೂರು ಮಕ್ಕಳನ್ನೂ ಬಿಡಬೇಡಿ. ಮಕ್ಕಳ ಗೋರಿ ಇರುವ ಊರು ಎಂದರೆ ಆ ವರ್ಷ ತಾಯಿ ಇದ್ದ ಊರು. 1850ರಿಂದ 1880ರವರೆಗಿನ ಪ್ರತಿ ಗಣತಿಯ ಜೊತೆಗೆ ಹಿಂದಿನ 12 ತಿಂಗಳಲ್ಲಿ ಸತ್ತವರ ಪಟ್ಟಿಯೊಂದು ಪ್ರತ್ಯೇಕವಾಗಿ ಇದೆ. ಹಸುಗೂಸುಗಳ ಹೆಸರು ಹಲವು ಸಲ ಸಿಗುವುದು ಅಲ್ಲಿ ಮಾತ್ರ.

ವಯಸ್ಸು ಗಣತಿಯಿಂದ ಗಣತಿಗೆ ಎರಡು ಮೂರು ವರ್ಷ ಹಿಂದೆಮುಂದೆ ಆಗುವುದು ಸಹಜ. ಉತ್ತರ ಹೇಳಿದವರು ಪಕ್ಕದ ಮನೆಯವರೂ ಆಗಿರಬಹುದು. ಗಣತಿಯ ದಿನವೂ ಬೇರೆ ಬೇರೆ: 1900ರಲ್ಲಿ ಜೂನ್ 1, 1910ರಲ್ಲಿ ಏಪ್ರಿಲ್ 15, 1920ರಲ್ಲಿ ಜನವರಿ 1. ವಯಸ್ಸಿನಿಂದ ಹುಟ್ಟಿದ ವರ್ಷ ಕಳೆಯುವಾಗ ಇದನ್ನು ಮರೆತರೆ ಒಂದು ವರ್ಷ ತಪ್ಪುತ್ತದೆ.

ದೊಡ್ಡ ಕಂದಕವೆಂದರೆ 1890. ವಾಷಿಂಗ್ಟನ್‌ನಲ್ಲಿ 1921ರ ಜನವರಿಯಲ್ಲಿ ಬಿದ್ದ ಬೆಂಕಿ, ಆರಿಸಲು ಸುರಿದ ನೀರು, ಆಮೇಲಿನ ಅಲಕ್ಷ್ಯ ಸೇರಿ ಆ ಗಣತಿ ಹೆಚ್ಚುಕಡಿಮೆ ಪೂರ್ತಿ ಹೋಯಿತು. 1880ಕ್ಕೂ 1900ಕ್ಕೂ ನಡುವಿನ 20 ವರ್ಷಗಳಲ್ಲಿ ಒಬ್ಬ ಹುಡುಗಿ ಬೆಳೆದು, ಮದುವೆಯಾಗಿ, ವಿಧವೆಯಾಗಿ, ಮತ್ತೆ ಮದುವೆಯಾಗಿರಬಹುದು. ಈ ಕಂದಕ ದಾಟಲು ರಾಜ್ಯಗಳೇ ನಡೆಸಿದ ಗಣತಿಗಳಿವೆ. ನೆಬ್ರಾಸ್ಕಾ, ಡಕೋಟಾ, ಕೊಲರಾಡೊಗಳಲ್ಲಿ 1885ರಲ್ಲಿ ನಡೆದಿದೆ. ಕಾನ್ಸಸ್‌ನ 1885, 1895ರ ಹಾಳೆಗಳಲ್ಲಿ 'ಕಾನ್ಸಸ್‌ಗೆ ಎಲ್ಲಿಂದ ಬಂದಿರಿ' ಎಂಬ ಅಂಕಣವೇ ಇದೆ. ಹುಟ್ಟಿದ ಊರಲ್ಲ, ಇದಕ್ಕೂ ಹಿಂದೆ ಇದ್ದ ರಾಜ್ಯ. ಅಯೋವಾದ 1925ರ ಗಣತಿಯಂತೂ ನಿಧಿ. ಪ್ರತಿಯೊಬ್ಬರ ತಾಯಿಯ ತವರಿನ ಅಡ್ಡಹೆಸರನ್ನೂ ತಂದೆತಾಯಿಯ ಮದುವೆ ಎಲ್ಲಿ ಆಯಿತೆಂಬುದನ್ನೂ ಅದು ಕೇಳಿದೆ. ನಿಮ್ಮವಳು ಅಷ್ಟರಲ್ಲಿ ತೀರಿಕೊಂಡಿದ್ದರೂ ಅಯೋವಾದಲ್ಲಿದ್ದ ಅವಳ ಮಗನ ಸಾಲಿನಲ್ಲಿ ಅವಳ ತವರು ಸಿಕ್ಕೀತು.

ಜಮೀನಿನ ಕಡತ

1862ರ ಹೋಮ್‌ಸ್ಟೆಡ್ ಕಾಯ್ದೆ 1863ರ ಜನವರಿ 1ರಿಂದ ಜಾರಿಗೆ ಬಂತು. 21 ವರ್ಷ ತುಂಬಿದವರು ಅಥವಾ ಕುಟುಂಬದ ಯಜಮಾನಿಕೆ ಹೊತ್ತವರು 160 ಎಕರೆಗೆ ಅರ್ಜಿ ಹಾಕಬಹುದಿತ್ತು. ಐದು ವರ್ಷ ಅಲ್ಲೇ ವಾಸವಿದ್ದು, ಉತ್ತು ಬಿತ್ತು, ಮನೆ ಕಟ್ಟಿ ತೋರಿಸಿದರೆ ನೆಲ ಅವರದು. ಎಲ್ಲ ಸೇರಿ ಶುಲ್ಕ ಸಾಮಾನ್ಯವಾಗಿ 18 ಡಾಲರ್. ಕಾಯ್ದೆಯ ಮಾತಿನಲ್ಲಿ ಗಂಡು, ಹೆಣ್ಣು ಎಂಬ ಭೇದವಿರಲಿಲ್ಲ. ಹೀಗಾಗಿ ಮದುವೆಯಾಗದವಳು, ವಿಧವೆ, ವಿಚ್ಛೇದಿತೆ, ಗಂಡ ಬಿಟ್ಟುಹೋದವಳು ಸ್ವಂತ ಹೆಸರಿನಲ್ಲೇ ಅರ್ಜಿ ಹಾಕಬಹುದಿತ್ತು. ಗಂಡನ ಜೊತೆ ಸಂಸಾರ ಮಾಡುತ್ತಿದ್ದವಳಿಗೆ ಮಾತ್ರ ಆ ಹಕ್ಕಿಲ್ಲ. 1886ರಲ್ಲಿ ಸಾಲೊಮನ್ ಬುಚರ್ ನೆಬ್ರಾಸ್ಕಾದ ಕಸ್ಟರ್ ಕೌಂಟಿಯಲ್ಲಿ ತೆಗೆದ ಫೋಟೊ ಒಂದರಲ್ಲಿ ಕ್ರಿಸ್ಮನ್ ಮನೆತನದ ನಾಲ್ವರು ಅಕ್ಕತಂಗಿಯರು ಹುಲ್ಲುಹೆಂಟೆಯ ಮನೆಯ ಮುಂದೆ ನಿಂತಿದ್ದಾರೆ. ಅವರಲ್ಲಿ ಹಿರಿಯರು ಮುಂದೆ ಸ್ವಂತ ಹೆಸರಿನಲ್ಲೇ ಜಮೀನಿಗೆ ಅರ್ಜಿ ಹಾಕಿದರು.

ಕೆಲಸ ಮೂರು ಹಂತದ್ದು. ಮೊದಲು ಭೂ ನಿರ್ವಹಣಾ ಇಲಾಖೆಯ ಜನರಲ್ ಲ್ಯಾಂಡ್ ಆಫೀಸ್ ದಾಖಲೆಗಳ ಜಾಲತಾಣಕ್ಕೆ ಹೋಗಿ ರಾಜ್ಯ, ಹೆಸರು ಕೊಟ್ಟು ಹುಡುಕಿ. ತವರಿನ ಹೆಸರು, ಗಂಡನ ಹೆಸರು ಎರಡರಲ್ಲೂ ಹುಡುಕಬೇಕು. ಸಿಕ್ಕಿದರೆ ಪಟ್ಟಾದ ಚಿತ್ರ ಬರುತ್ತದೆ. ಅದು ಒಂದೇ ಹಾಳೆ, ಅದರಲ್ಲಿ ಬದುಕಿನ ವಿವರ ಏನೂ ಇಲ್ಲ. ಇಷ್ಟಕ್ಕೇ ತೃಪ್ತರಾಗಿ ನಿಲ್ಲುವವರೇ ಬಹಳ, ಅದೇ ದೊಡ್ಡ ನಷ್ಟ. ನಿಮಗೆ ಬೇಕಾದದ್ದು ಅದರ ಮೇಲಿನ ಸಂಖ್ಯೆ, ಭೂ ಕಚೇರಿಯ ಹೆಸರು ಮತ್ತು ಜಮೀನಿನ ವಿಳಾಸ.

ಆ ವಿಳಾಸ ಓದಲು ಕಲಿಯಿರಿ. 'ಸೆಕ್ಷನ್ 14ರ ನೈರುತ್ಯ ಕಾಲುಭಾಗ, ಟೌನ್‌ಶಿಪ್ 110 ಉತ್ತರ, ರೇಂಜ್ 56 ಪಶ್ಚಿಮ' ಎಂದಿದ್ದರೆ, ಟೌನ್‌ಶಿಪ್ ಎಂಬುದು 6 ಮೈಲಿಗೆ 6 ಮೈಲಿಯ ಚೌಕ. ಅದರೊಳಗೆ 36 ಸೆಕ್ಷನ್. ಒಂದೊಂದು ಸೆಕ್ಷನ್ 640 ಎಕರೆ, ಅದರ ಕಾಲುಭಾಗ 160 ಎಕರೆ. ನಮ್ಮ ಕ್ರಯಪತ್ರದ ಚಕ್ಕುಬಂದಿ ಇದ್ದ ಹಾಗೆ ಇದು. ಸುತ್ತಲಿನ ಎಂಟು ಕಾಲುಭಾಗಗಳನ್ನು ಯಾರು ಹಿಡಿದಿದ್ದರು ಎಂದು ಅದೇ ತಾಣದಲ್ಲಿ ನೋಡಿ ನಕ್ಷೆ ಬರೆದುಕೊಳ್ಳಿ. ಅಪ್ಪ, ಅಣ್ಣತಮ್ಮಂದಿರು, ಮುಂದೆ ಗಂಡನಾದವನು ಹಲವು ಸಲ ಆ ಎಂಟರಲ್ಲೇ ಇರುತ್ತಾರೆ.

ಎರಡನೆಯ ಹಂತದಲ್ಲಿ ಈ ವಿವರಗಳನ್ನೆಲ್ಲ ನಾಟ್ಫ್ 84 ಎಂಬ ನಮೂನೆಯಲ್ಲಿ ತುಂಬಿ ವಾಷಿಂಗ್ಟನ್‌ನ ರಾಷ್ಟ್ರೀಯ ದಾಖಲಾಗಾರದಿಂದ ಪೂರ್ತಿ ಕಡತದ ಪ್ರತಿ ತರಿಸಬೇಕು. ಶುಲ್ಕವಿದೆ. ಕೆಲವು ರಾಜ್ಯಗಳ ಕಡತಗಳು ಆಗಲೇ ಅಂತರ್ಜಾಲದಲ್ಲಿವೆ, ನೆಬ್ರಾಸ್ಕಾದವು ಅವುಗಳಲ್ಲಿ ಮುಖ್ಯ. ದುಡ್ಡು ಕಟ್ಟುವ ಮೊದಲು ಅಲ್ಲಿ ನೋಡಿ.

ಮೂರನೆಯದು ಕಡತ ಓದುವುದು. ಐದು ವರ್ಷ ಮುಗಿದ ಮೇಲೆ ಪಟ್ಟಾಕ್ಕಾಗಿ ಕೊಟ್ಟ ಕೊನೆಯ ಹೇಳಿಕೆಯ ಪತ್ರವೇ ಜೀವಾಳ. ಅದರಲ್ಲಿ ಅವಳ ಪೂರ್ತಿ ಹೆಸರು, ವಯಸ್ಸು, ಅಂಚೆ ವಿಳಾಸ, ಮನೆ ಕಟ್ಟಿದ ದಿನ, ಮನೆಯ ಅಳತೆ, ಬಾವಿ, ಕೊಟ್ಟಿಗೆ, ಬೇಲಿ, ಇವಕ್ಕೆಲ್ಲ ಕಟ್ಟಿದ ಬೆಲೆ, ಎಷ್ಟು ಎಕರೆ ಎಷ್ಟು ಹಂಗಾಮು ಉತ್ತಳು, ಮನೆಯಲ್ಲಿ ಯಾರಿದ್ದರು ಎಂಬುದೆಲ್ಲ ಇರುತ್ತದೆ. ಇಬ್ಬರು ನೆರೆಯವರು ಅದನ್ನೇ ಬೇರೆಬೇರೆಯಾಗಿ ಪ್ರಮಾಣ ಮಾಡಿ ಹೇಳಿರುತ್ತಾರೆ. 'ಜಮೀನು ಬಿಟ್ಟು ಯಾವಾಗ, ಏಕೆ ದೂರವಿದ್ದಿರಿ' ಎಂಬ ಪ್ರಶ್ನೆಯ ಉತ್ತರವನ್ನು ಎರಡು ಸಲ ಓದಿ. ಹೆರಿಗೆ, ಕಾಯಿಲೆ, ಚಳಿಗಾಲದಲ್ಲಿ ಪೇಟೆಯಲ್ಲಿ ಹೊಲಿಗೆ ಅಥವಾ ಮೇಷ್ಟ್ರಗಿರಿ, ಎಲ್ಲ ಅಲ್ಲಿ ಬಿಚ್ಚಿಕೊಳ್ಳುತ್ತದೆ. ಡಕೋಟಾದ ಡಿ ಸ್ಮೆಟ್ ಬಳಿ ಒಂಟಿಯಾಗಿ ಜಮೀನು ಹಿಡಿದಿದ್ದ ಶಿಕ್ಷಕಿ ಎಲೈಜಾ ಜೇನ್ ವೈಲ್ಡರ್ ಆ ಪ್ರಶ್ನೆಗೆ ತಾನು ಪಟ್ಟ ಪಾಡನ್ನೆಲ್ಲ ದೀರ್ಘವಾಗಿ ಬರೆದುಕೊಟ್ಟಿದ್ದಾಳೆ. ಬೇರೆಯವರು ಅವಳ ಬಗ್ಗೆ ಏನೇ ಹೇಳಿರಲಿ, ಆ ಕಡತದಲ್ಲಿ ಮಾತಾಡುವುದು ಅವಳೇ. ಕೊನೆಯ ಸಹಿಯನ್ನೂ ಗಮನಿಸಿ. ಹೆಸರಿದ್ದರೆ ಅವಳ ಕೈಬರಹವೇ ನಿಮ್ಮ ಕೈಗೆ ಬಂತು. ಎಕ್ಸ್ ಗುರುತಿದ್ದರೆ ಬರೆಯಲು ಬಾರದೆಂದೋ, ಆ ದಿನ ಕೈ ಆಗದೆಂದೋ ಅರ್ಥ.

ಪಟ್ಟಾ ಸಿಗದಿದ್ದರೆ ಜಮೀನೇ ಇರಲಿಲ್ಲ ಎಂದು ಕೈಬಿಡಬೇಡಿ. ಬರ, ಮಿಡತೆ, ಸಾಲಗಳಿಂದ ನಡುವೆಯೇ ಬಿಟ್ಟುಹೋದ ಅರ್ಜಿಗಳು ಆ ತಾಣದಲ್ಲಿ ಬರುವುದಿಲ್ಲ. ಅವು ಟ್ರ್ಯಾಕ್ಟ್ ಬುಕ್ ಎಂಬ ಖಾತೆ ಪುಸ್ತಕಗಳಲ್ಲಿವೆ, ಅವುಗಳ ಚಿತ್ರಗಳು ಫ್ಯಾಮಿಲಿಸರ್ಚ್‌ನಲ್ಲಿವೆ. ರದ್ದಾದ ಅರ್ಜಿಯ ಕಡತ ಕೂಡ ದಾಖಲಾಗಾರದಲ್ಲಿ ಉಳಿದಿರುತ್ತದೆ. ಇನ್ನು ರೈಲ್ವೆ ಹಾದಿಯ ಅಕ್ಕಪಕ್ಕ ಬೆಸ ಸಂಖ್ಯೆಯ ಸೆಕ್ಷನ್‌ಗಳು ರೈಲು ಕಂಪನಿಗಳಿಗೆ ಹೋಗಿದ್ದವು. ಅಲ್ಲಿ ಕೊಂಡ ಜಮೀನಿನ ಪಟ್ಟಾ ಕಂಪನಿಯ ಹೆಸರಿನಲ್ಲಿರುತ್ತದೆ, ಅವಳ ಹೆಸರು ಕೌಂಟಿಯ ಕ್ರಯಪತ್ರದಲ್ಲಿ. ಟೆಕ್ಸಾಸ್ ತನ್ನ ನೆಲವನ್ನು ತಾನೇ ಹಂಚಿತು. ಅಲ್ಲಿಗೆ ಈ ಹಾದಿ ಯಾವುದೂ ಅನ್ವಯಿಸದು, ಆಸ್ಟಿನ್‌ನಲ್ಲಿರುವ ರಾಜ್ಯದ ಭೂ ಕಚೇರಿಯನ್ನೇ ಕೇಳಬೇಕು.

ಮನೆಯಲ್ಲಿ ಉಳಿದ ಪತ್ರಗಳಿಗೂ ಕಡತಕ್ಕೂ ತಾಳೆಯಾಗದಿದ್ದರೆ ಗಾಬರಿ ಬೇಡ. ವಯೋಮಿಂಗ್‌ನಲ್ಲಿ 1909ರಲ್ಲಿ ಅರ್ಜಿ ಹಾಕಿದ ಎಲಿನೋರ್ ಪ್ರೂಯಿಟ್ ಸ್ಟುವರ್ಟ್, ಒಂಟಿ ಹೆಣ್ಣೂ ಜಮೀನು ಗೆಲ್ಲಬಲ್ಲಳು ಎಂದು ಗೆಳತಿಗೆ ಬರೆದ ಪತ್ರಗಳಿಂದ ಹೆಸರಾದವಳು. ಅರ್ಜಿ ಹಾಕಿದ ಕೆಲವೇ ದಿನಗಳಲ್ಲಿ ಅವಳು ಪಕ್ಕದ ಜಮೀನಿನವನನ್ನು ಮದುವೆಯಾದದ್ದು, ಮುಂದೆ ಆ ಹಕ್ಕನ್ನು ಬಿಟ್ಟುಕೊಟ್ಟು ಅತ್ತೆ ಅದನ್ನು ಹಿಡಿದದ್ದು ಸರ್ಕಾರಿ ದಾಖಲೆಯಲ್ಲಿದೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡಾಗಲೇ ಅವಳ ನಿಜವಾದ ಹೋರಾಟ ತಿಳಿಯುವುದು.

ಆರೆಗನ್‌ಗೆ ಬಂದವಳಾದರೆ ಇನ್ನೂ ಹಳೆಯ ಕಾಯ್ದೆಯೊಂದಿದೆ. 1850ರ ಡೊನೇಷನ್ ಲ್ಯಾಂಡ್ ಕಾಯ್ದೆಯಲ್ಲಿ ಮೊದಲು ಬಂದ ಒಂಟಿ ಗಂಡಸಿಗೆ 320 ಎಕರೆ, ದಂಪತಿಗೆ 640. ಅದರಲ್ಲಿ ಅರ್ಧ ಹೆಂಡತಿಯ ಸ್ವಂತ ಹಕ್ಕು. ಹಾಗಾಗಿ ಆ ಕಡತಗಳಲ್ಲಿ ಹೆಂಡತಿಯ ಹೆಸರು, ಮದುವೆಯಾದ ದಿನ ಮತ್ತು ಊರು ಬರೆಯಲೇಬೇಕಾಯಿತು. ದುಪ್ಪಟ್ಟು ಜಮೀನಿನ ಆಸೆಗೆ ತೀರಾ ಎಳೆಯ ಹುಡುಗಿಯರ ಮದುವೆಗಳೂ ನಡೆದವು. ವಧುವಿನ ವಯಸ್ಸು 14 ಎಂದು ಬಂದರೆ ಬರೆದವರ ಕೈತಪ್ಪು ಎಂದು ತಿದ್ದಬೇಡಿ.

ವಿಧವೆಯಾದ ಮೇಲೆ

ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯದಲ್ಲಿದ್ದು ಆ ಸೇವೆಯ ಗಾಯ, ಕಾಯಿಲೆಗಳಿಂದ ಸತ್ತವನ ವಿಧವೆಗೆ 1862ರ ಕಾಯ್ದೆಯಂತೆ ಪಿಂಚಣಿ ಇತ್ತು. ಸಾಮಾನ್ಯ ಸಿಪಾಯಿಯ ಹೆಂಡತಿಗೆ ತಿಂಗಳಿಗೆ 8 ಡಾಲರ್. ಅದನ್ನು ಪಡೆಯಲು ತಾನು ಧರ್ಮಪತ್ನಿ ಎಂದೂ, ಮಕ್ಕಳು ಇಂಥ ದಿನ ಹುಟ್ಟಿದವರೆಂದೂ, ಮರುಮದುವೆ ಆಗಿಲ್ಲವೆಂದೂ ಅವಳು ರುಜುವಾತು ಮಾಡಬೇಕಿತ್ತು. ಮದುವೆ ದಾಖಲೆ ಸುಟ್ಟುಹೋಗಿದ್ದರೆ ಮದುವೆಗೆ ಬಂದಿದ್ದವರ, ಹೆರಿಗೆ ಮಾಡಿಸಿದ ಸೂಲಗಿತ್ತಿಯ ಅಫಿಡವಿಟ್. ಮನೆಯ ಬೈಬಲ್‌ನಿಂದ ಹರಿದು ಕಳಿಸಿದ ಹಾಳೆಗಳು ಈಗಲೂ ಕಡತಗಳೊಳಗೆ ಇವೆ. ಇವನ್ನು ತರಿಸಲು ನಾಟ್ಫ್ 85 ನಮೂನೆ. ಬಹುಪಾಲು ನಾಶವಾದ 1890ರ ಗಣತಿಯಲ್ಲೂ ಯೋಧರು ಮತ್ತು ವಿಧವೆಯರ ಪ್ರತ್ಯೇಕ ಪಟ್ಟಿ, ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಕೆಂಟಕಿಯ ಒಂದು ಭಾಗದಿಂದ ಮುಂದಿನ ರಾಜ್ಯಗಳಿಗೆ, ಉಳಿದುಕೊಂಡಿದೆ.

ಗಂಡ ಸತ್ತಾಗ ಕೌಂಟಿ ನ್ಯಾಯಾಲಯದಲ್ಲಿ ಆಸ್ತಿಯ ಮಹಜರು ನಡೆಯುತ್ತಿತ್ತು. ಒಲೆ, ಹಸು, ಹೊಲಿಗೆ ಯಂತ್ರ, ಹಾಸಿಗೆ, ತಿಂಗಳ ದಿನಸಿ ಎಂದು ಅವಳಿಗೆ ಬಿಟ್ಟುಕೊಟ್ಟ ವಸ್ತುಗಳ ಪಟ್ಟಿ ಅಲ್ಲಿರುತ್ತದೆ. ಹೆತ್ತ ಮಕ್ಕಳಿಗೇ ಪೋಷಕಿ ಎಂದು ಕೋರ್ಟಿನಿಂದ ನೇಮಕ ಮಾಡಿಸಿಕೊಳ್ಳಬೇಕಾಗಿ ಬಂದ ತಾಯಂದಿರೂ ಇದ್ದರು. ಆ ಅರ್ಜಿಯಲ್ಲಿ ಮಕ್ಕಳೆಲ್ಲರ ವಯಸ್ಸು, ಜಾಮೀನು ನಿಂತವರ ಹೆಸರು ಸಿಗುತ್ತದೆ. ಜಾಮೀನುದಾರರ ಅಡ್ಡಹೆಸರನ್ನು ಬರೆದಿಟ್ಟುಕೊಳ್ಳಿ. ಆ ಕಷ್ಟಕಾಲದಲ್ಲಿ ಜಾಮೀನು ನಿಂತವನು ಬಹಳ ಸಲ ಅವಳ ಅಣ್ಣನೋ ಭಾವನೋ ಆಗಿರುತ್ತಾನೆ.

ಈ ಕೋರ್ಟ್ ಪುಸ್ತಕಗಳ ಸೂಚಿಯಲ್ಲಿ ಗಂಡನ ಹೆಸರಷ್ಟೇ ಇರುವುದರಿಂದ ಮೊದಲು ಪುಟ ಪುಟ ತಿರುವಬೇಕಿತ್ತು. ಈಗ ಫ್ಯಾಮಿಲಿಸರ್ಚ್‌ನಲ್ಲಿ ಕೈಬರಹದ ಪುಟಗಳ ಒಳಗಿನ ಪದಗಳನ್ನೇ ಹುಡುಕುವ ಸೌಲಭ್ಯ ಬಂದಿದೆ. ಕ್ರಯಪತ್ರಗಳ ನಡುವೆ ಹುದುಗಿದ್ದ ಹೆಂಗಸರು ಇದರಿಂದ ಹೊರಬರುತ್ತಿದ್ದಾರೆ. ಕೌಂಟಿಗಳು ಒಡೆದು ಹೊಸ ಕೌಂಟಿ ಆಗುತ್ತಿದ್ದ ಕಾಲ ಅದು. ಹಳೆಯ ಪುಸ್ತಕ ಮೂಲ ಕೌಂಟಿಯಲ್ಲೇ ಉಳಿದಿರುತ್ತದೆ. ಆ ವರ್ಷ ಊರು ಯಾವ ಕೌಂಟಿಗೆ ಸೇರಿತ್ತು ಎಂದು ಮೊದಲು ನೋಡಿ.

ಪತ್ರಿಕೆ, ಪೌರತ್ವ, ಸಮುದ್ರದಾಚೆ

ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕ ಸಂಗ್ರಹದಲ್ಲಿ ಹಳೆಯ ಪತ್ರಿಕೆಗಳು ಉಚಿತ. ಅವಳ ಹೆಸರಿನ ಜೊತೆಗೆ ಗಂಡನ ಇನಿಷಿಯಲ್ ಹಾಕಿಯೂ ಹುಡುಕಿ: 'ಮಿಸೆಸ್ ಜೆ. ಎಚ್.' ಎಂಬಂತೆ. 'ಇಂಥವರ ತಂಗಿ ಇಲಿನಾಯ್‌ನಿಂದ ಬಂದಿದ್ದಾರೆ' ಎಂಬ ಊರ ಸುದ್ದಿಯ ಒಂದು ಸಾಲಿನಿಂದ ತವರು ಸಿಕ್ಕ ಉದಾಹರಣೆಗಳು ಧಾರಾಳ. ಹೋಮ್‌ಸ್ಟೆಡ್‌ನ ಕೊನೆಯ ಹೇಳಿಕೆಗೆ ಮೊದಲು ಸಾಕ್ಷಿಗಳ ಹೆಸರು ಸಮೇತ ಪತ್ರಿಕೆಯಲ್ಲಿ ಪ್ರಕಟಣೆ ಕೊಡುವ ನಿಯಮವೂ ಇತ್ತು.

ಪೌರತ್ವದ ಕಾಗದದಲ್ಲಿ ಅವಳನ್ನು ಹುಡುಕಿ ಸಿಗಲಿಲ್ಲವೆಂದು ಬೇಸರಿಸಬೇಡಿ. 1922ರ ಕೇಬಲ್ ಕಾಯ್ದೆಯವರೆಗೆ ಗಂಡ ಪೌರನಾದರೆ ಹೆಂಡತಿಯೂ ತಾನಾಗಿ ಪೌರಳು, ಪ್ರತ್ಯೇಕ ಕಾಗದವಿಲ್ಲ. 1907ರ ಕಾಯ್ದೆಯಂತೆ ವಿದೇಶಿಯನನ್ನು ಮದುವೆಯಾದ ಅಮೆರಿಕದ ಹೆಣ್ಣು ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. ಭಾರತೀಯರು ಅಲ್ಲಿನ ಪೌರರಾಗುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1923ರಲ್ಲಿ ತೀರ್ಪು ಕೊಟ್ಟ ಮೇಲೆ, ಭಾರತೀಯರ ಕೈಹಿಡಿದ ಹೆಂಗಸರಿಗೆ 1931ರ ತಿದ್ದುಪಡಿಯವರೆಗೂ ಈ ಪೆಟ್ಟು ತಪ್ಪಲಿಲ್ಲ.

ಹುಟ್ಟೂರು ಸಿಕ್ಕಿದ ಮೇಲೆ ಮಾತ್ರ ಯುರೋಪಿಗೆ ಹೋಗಿ. ನಾರ್ವೆಯ ಡಿಜಿಟಲಾರ್ಕಿವೆಟ್, ಸ್ವೀಡನ್‌ನ ರಿಕ್ಸಾರ್ಕಿವೆಟ್ ಎರಡೂ ಉಚಿತ. ಚರ್ಚಿನ ಪುಸ್ತಕಗಳಲ್ಲಿ ಊರು ಬಿಟ್ಟುಹೋದವರ ದಿನಾಂಕವೂ ಸಿಗುತ್ತದೆ. 1847ರಿಂದ 1868ರ ನಡುವೆ ಬಂಡಿ, ಕೈಗಾಡಿಗಳಲ್ಲಿ ಯೂಟಾಗೆ ಬಂದ ಮಾರ್ಮನ್ ಎಂಬ ಕ್ರೈಸ್ತ ಪಂಥದ ಹೆಂಗಸರಾದರೆ, ಯಾವ ತಂಡದಲ್ಲಿ ಬಂದರು ಎಂಬುದನ್ನು ಅವರ ಚರ್ಚಿನ ಇತಿಹಾಸ ವಿಭಾಗ ಹೆಸರುವಾರು ಪಟ್ಟಿ ಮಾಡಿಟ್ಟಿದೆ.

ಕಪ್ಪು ಜನಾಂಗದ ಮುತ್ತಜ್ಜಿಯಾದರೆ ಹೆಸರು ಸಮೇತ ಸಿಗುವ ಮೊದಲ ಗಣತಿ ಸಾಮಾನ್ಯವಾಗಿ 1870ರದ್ದು. 1877ರಲ್ಲಿ ಕಾನ್ಸಸ್‌ನ ನಿಕೋಡೆಮಸ್ ಊರು ಕಟ್ಟಿದಂಥ ಕುಟುಂಬಗಳಿಗೆ ಅದಕ್ಕೂ ಹಿಂದೆ, ಬಿಡುಗಡೆಯಾದ ಗುಲಾಮರ ನೆರವಿಗೆ ಸರ್ಕಾರ ತೆರೆದ ಫ್ರೀಡ್‌ಮೆನ್ಸ್ ಬ್ಯೂರೋದ ಕಾಗದಗಳಿವೆ. ಮೂಲನಿವಾಸಿ ಹೆಂಗಸಾದರೆ 1885ರಿಂದ 1940ರವರೆಗಿನ ಬುಡಕಟ್ಟುವಾರು ಗಣತಿ ಪಟ್ಟಿಗಳು. ಇವಳಿಗೆ ಎರಡು ಹೆಸರಿರುತ್ತವೆ, ಎರಡನ್ನೂ ಬರೆದುಕೊಳ್ಳಿ.

ಸಿಕ್ಕದ್ದನ್ನು ತೂಗುವಾಗ

ಅಂತರ್ಜಾಲದ ಸಿದ್ಧ ವಂಶವೃಕ್ಷಗಳಲ್ಲಿ ಒಂದೇ ತಪ್ಪು ನೂರು ಕಡೆ ನಕಲಾಗಿರುತ್ತದೆ. ನೂರು ಕಡೆ ಇದ್ದರೂ ಅದು ಒಂದೇ ಸಾಕ್ಷಿ. ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪೆಂದರೆ ಮೇರಿ ಎಂಬ ಮೊದಲ ಹೆಂಡತಿಯನ್ನೂ ಮೇರಿ ಎಂಬ ಎರಡನೆಯ ಹೆಂಡತಿಯನ್ನೂ ಒಬ್ಬಳೇ ಎಂದು ಕಟ್ಟುವುದು. ಮಕ್ಕಳ ಹುಟ್ಟಿನ ನಡುವೆ ನಾಲ್ಕೈದು ವರ್ಷ ಖಾಲಿ ಇದ್ದರೆ, ಗಣತಿಯಿಂದ ಗಣತಿಗೆ ಹೆಂಡತಿಯ ಹುಟ್ಟಿದ ರಾಜ್ಯ ಬದಲಾದರೆ, ತಾಯಿ ಹುಟ್ಟಿದ್ದೆಲ್ಲಿ ಎಂಬುದಕ್ಕೆ ದೊಡ್ಡ ಮಕ್ಕಳದ್ದು ಒಂದು ಉತ್ತರ, ಚಿಕ್ಕ ಮಕ್ಕಳದ್ದು ಇನ್ನೊಂದಾದರೆ, ಅಲ್ಲಿ ಇಬ್ಬರಿದ್ದಾರೆಂದು ಅನುಮಾನಿಸಿ.

ಇಷ್ಟಾದರೂ ತವರಿನ ಅಡ್ಡಹೆಸರು ಸಿಗದಿದ್ದರೆ ಅವಳನ್ನು ಬಿಟ್ಟು ಸುತ್ತಲಿನವರನ್ನು ಹಿಡಿಯಿರಿ. ಜಮೀನಿನ ಸಾಕ್ಷಿಗಳು, ಜಾಮೀನುದಾರರು, ಮಕ್ಕಳ ನಾಮಕರಣಕ್ಕೆ ನಿಂತವರು, ಪಕ್ಕದ ಗೋರಿಯವರು, ಗಣತಿಯಲ್ಲಿ ಮನೆಯೊಳಗೆ ಇದ್ದ ಬೇರೆ ಅಡ್ಡಹೆಸರಿನ ಮುದುಕಿ. ಇವರ ಹೆಸರನ್ನೆಲ್ಲ ಅದೇ ಹಾಳೆಯ ಅಂಚಿನಲ್ಲಿ ಬರೆಯಿರಿ. ಮಗನೊಬ್ಬನಿಗೆ ನಡುಹೆಸರಾಗಿ ಇಟ್ಟ ವಿಚಿತ್ರವಾದ ಅಡ್ಡಹೆಸರನ್ನೂ ಸೇರಿಸಿ. ತಾಯಿಯ ತವರಿನ ಹೆಸರನ್ನು ಮಗನ ನಡುವೆ ಇಡುವುದು ಅಲ್ಲಿನ ರೂಢಿ. ಯಾವ ಅಡ್ಡಹೆಸರು ಮೂರು ಬೇರೆ ಬೇರೆ ದಾಖಲೆಗಳಲ್ಲಿ ಮತ್ತೆ ಮತ್ತೆ ಬರುತ್ತದೋ, ಅವಳ ಹಿಂದಿನ ಊರಿನ ಗಣತಿಯಲ್ಲಿ ಆ ಅಡ್ಡಹೆಸರಿನ ಮನೆಗಳನ್ನು ತೆರೆದು ಅವಳ ವಯಸ್ಸಿನ ಹುಡುಗಿ ಇದ್ದಾಳೆಯೇ ನೋಡಿ.